ಝೆರಾಕ್ಸ್, ಕೊಡಾಕ್ ಬೆಳೆದ ಊರು ರಾಚೆಸ್ಟರ್: ದೈತ್ಯ ಕಂಪನಿ ಕುಸಿದ ಮೇಲೂ ನಗರ ಉಳಿದಿದ್ದು ಹೇಗೆ?

ಬೆಂಗಳೂರಿರಲಿ, ಮುಂಬೈ ಇರಲಿ, ಆಧಾರ್ ಕಾರ್ಡಿನ ಪ್ರತಿ ಬೇಕೆಂದರೆ ನಾವು ಹುಡುಕುವುದು 'ಝೆರಾಕ್ಸ್ ಅಂಗಡಿ'ಯನ್ನು. ಯಂತ್ರ ಯಾವ ಕಂಪನಿಯದೇ ಆಗಿರಲಿ, ಮಾಡಿಸುವುದು ಮಾತ್ರ ಝೆರಾಕ್ಸ್! ಮೊಬೈಲ್ ಬರುವ ಮುಂಚೆ ಮದುವೆ ಮನೆಯ ಫೋಟೋಗ್ರಾಫರ್ ಕ್ಯಾಮೆರಾಕ್ಕೆ ಹಾಕುತ್ತಿದ್ದ ಹಳದಿ ಡಬ್ಬಿಯ ಕೊಡಾಕ್ ರೋಲ್ ಕೂಡ ಹಲವರಿಗೆ ನೆನಪಿರಬಹುದು. ಈ ಎರಡೂ ಹೆಸರುಗಳು ಲೋಕಪ್ರಸಿದ್ಧವಾಗಿದ್ದು ಒಂದೇ ಊರಿನಿಂದ. ಅದೇ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್.

ಇದು ನ್ಯೂಯಾರ್ಕ್ ಮಹಾನಗರದಿಂದ ಬಹಳ ದೂರದಲ್ಲಿ, ಒಂಟಾರಿಯೊ ಸರೋವರದ ದಕ್ಷಿಣ ದಡದ ಬಳಿ ಇದೆ. ಪ್ರಖ್ಯಾತ ಮೇಯೊ ಆಸ್ಪತ್ರೆ ಇರುವ ರಾಚೆಸ್ಟರ್ ಮಿನ್ನೆಸೋಟಾ ರಾಜ್ಯದ್ದು, ಅದು ಬೇರೆ ಊರು. 2020ರ ಜನಗಣತಿಯ ಪ್ರಕಾರ ನಮ್ಮ ಕಥೆಯ ರಾಚೆಸ್ಟರ್ ನಗರದ ಜನಸಂಖ್ಯೆ ಸುಮಾರು 2.11 ಲಕ್ಷ. 1950ರಲ್ಲಿ ಇದು 3.32 ಲಕ್ಷವಿತ್ತು. ಈ ಇಳಿಕೆಯ ಹಿಂದೆ ಜನ ಉಪನಗರಗಳಿಗೆ ಹೋದದ್ದೂ ಇದೆ, ಕಾರ್ಖಾನೆಗಳ ಏಳುಬೀಳೂ ಇದೆ.

ಹಿಟ್ಟಿನ ಊರು, ಹೂವಿನ ಊರು

ಜೆನೆಸೀ ನದಿ ಊರಿನ ನಡುವೆಯೇ ಜಲಪಾತವಾಗಿ ಧುಮುಕುತ್ತದೆ. ಆ ನೀರಿನ ಬಲದಿಂದ ಹಿಟ್ಟಿನ ಗಿರಣಿಗಳು ಎದ್ದವು. 1825ರಲ್ಲಿ ಈರಿ ಕಾಲುವೆ ಪೂರ್ಣಗೊಂಡಾಗ ಹಿಟ್ಟನ್ನು ದೋಣಿಯಲ್ಲಿ ದೂರದೂರಿಗೆ ಸಾಗಿಸುವುದು ಸುಲಭವಾಯಿತು. ಊರಿಗೆ 'ಹಿಟ್ಟಿನ ನಗರ' ಎಂಬ ಹೆಸರು ಬಂತು. ಗೋಧಿ ಕೃಷಿ ಪಶ್ಚಿಮಕ್ಕೆ ಸರಿದಾಗ ಗಿರಣಿಗಳೂ ಅತ್ತ ಹೋದವು. ಆಮೇಲೆ ಇಲ್ಲಿ ಸಸಿ ಮತ್ತು ಬೀಜದ ವ್ಯಾಪಾರ ಬೆಳೆಯಿತು, 'ಹೂವಿನ ನಗರ' ಎಂಬ ಹೆಸರಾಯಿತು. ಅಂದರೆ ಒಂದು ಕಸುಬು ಕೈಬಿಟ್ಟಾಗ ಇನ್ನೊಂದನ್ನು ಹಿಡಿಯುವುದು ಈ ಊರಿಗೆ ಹೊಸದಲ್ಲ.

ಗುಂಡಿ ಒತ್ತಿದರೆ ಸಾಕು

1853ರಲ್ಲಿ ಜರ್ಮನಿಯಿಂದ ವಲಸೆ ಬಂದಿದ್ದ ಜಾನ್ ಜೇಕಬ್ ಬಾಷ್ ಇಲ್ಲಿ ಕನ್ನಡಕದ ಅಂಗಡಿ ತೆರೆದರು. ಗೆಳೆಯ ಹೆನ್ರಿ ಲಾಂಬ್ ಹಣ ಕೊಟ್ಟು ಪಾಲುದಾರರಾದರು. ಮುಂದೆ ಕಾಂಟ್ಯಾಕ್ಟ್ ಲೆನ್ಸ್‌ನಿಂದ ಹೆಸರಾದ ಬಾಷ್ ಅಂಡ್ ಲಾಂಬ್ ಕಂಪನಿ ಇದೇ. ರೇ-ಬ್ಯಾನ್ ತಂಪು ಕನ್ನಡಕವೂ ಮೊದಲು ಇವರದೇ ಬ್ರ್ಯಾಂಡ್ ಆಗಿತ್ತು.

ಊರಿನ ದಿಕ್ಕು ಬದಲಿಸಿದ್ದು ಮಾತ್ರ ಜಾರ್ಜ್ ಈಸ್ಟ್‌ಮನ್. ಅವರು 1888ರಲ್ಲಿ ತಂದ ಕೊಡಾಕ್ ಕ್ಯಾಮೆರಾದ ಬೆಲೆ 25 ಡಾಲರ್. ಅದರೊಳಗೆ ನೂರು ಚಿತ್ರಗಳಿಗೆ ಆಗುವಷ್ಟು ಫಿಲ್ಮ್ ಇರುತ್ತಿತ್ತು. ಎಲ್ಲ ತೆಗೆದ ಮೇಲೆ ಕ್ಯಾಮೆರಾವನ್ನೇ ರಾಚೆಸ್ಟರ್‌ಗೆ ಕಳಿಸಿದರೆ ಫೋಟೋಗಳನ್ನು ತೊಳೆದು, ಹೊಸ ಫಿಲ್ಮ್ ತುಂಬಿ ವಾಪಸ್ ಕಳಿಸುತ್ತಿದ್ದರು. 1900ರಲ್ಲಿ ಒಂದೇ ಡಾಲರಿನ 'ಬ್ರೌನಿ' ಬಂದಾಗ ಫೋಟೋ ತೆಗೆಯುವುದು ಮಕ್ಕಳಿಗೂ ಎಟುಕಿತು.

1980ರ ದಶಕದ ಆರಂಭದಲ್ಲಿ ರಾಚೆಸ್ಟರ್ ಒಂದರಲ್ಲೇ ಕೊಡಾಕ್‌ಗೆ 60 ಸಾವಿರಕ್ಕೂ ಹೆಚ್ಚು ನೌಕರರಿದ್ದರು. ಕಂಪನಿ ವರ್ಷಕ್ಕೊಮ್ಮೆ ಕೊಡುತ್ತಿದ್ದ ಬೋನಸ್‌ಗಾಗಿ ಊರಿನ ಕಾರು, ಪೀಠೋಪಕರಣದ ಅಂಗಡಿಗಳೂ ಕಾಯುತ್ತಿದ್ದವು.

ಆದರೆ ಈ ಸಿರಿಯಲ್ಲಿ ಎಲ್ಲರಿಗೂ ಪಾಲಿರಲಿಲ್ಲ. 1964ರ ಜುಲೈನಲ್ಲಿ ನಗರದಲ್ಲಿ ಜನಾಂಗೀಯ ಗಲಭೆ ನಡೆಯಿತು. ಬಳಿಕ ಕಪ್ಪು ಜನರಿಗೆ ಉದ್ಯೋಗ ಕೊಡಿ ಎಂದು 'ಫೈಟ್' ಸಂಘಟನೆ ಕೊಡಾಕ್ ವಿರುದ್ಧ ದೊಡ್ಡ ಹೋರಾಟವನ್ನೇ ನಡೆಸಿತು.

ಝೆರಾಕ್ಸ್ ಬಂದ ಬಗೆ

ಒಣ ವಿಧಾನದಲ್ಲಿ ಪ್ರತಿ ತೆಗೆಯುವ ತಂತ್ರವನ್ನು ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ನ್ಯೂಯಾರ್ಕ್ ಮಹಾನಗರದಲ್ಲಿ ಕಂಡುಹಿಡಿದರು. ದೊಡ್ಡ ದೊಡ್ಡ ಕಂಪನಿಗಳು ಅದನ್ನು ಬೇಡವೆಂದವು. ಕೊನೆಗೆ ಕೈಹಿಡಿದದ್ದು ರಾಚೆಸ್ಟರ್‌ನಲ್ಲಿ ಫೋಟೋ ಕಾಗದ ಮಾಡುತ್ತಿದ್ದ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ. 1959ರಲ್ಲಿ ಬಂದ '914' ಯಂತ್ರ ಕಚೇರಿಗಳ ಕೆಲಸದ ರೀತಿಯನ್ನೇ ಬದಲಿಸಿತು. 9 ಇಂಚು ಅಗಲ, 14 ಇಂಚು ಉದ್ದದ ಕಾಗದದವರೆಗೆ ಪ್ರತಿ ತೆಗೆಯುತ್ತಿದ್ದರಿಂದ ಆ ಹೆಸರು. 1961ರಲ್ಲಿ ಕಂಪನಿ ತನ್ನ ಹೆಸರನ್ನೇ ಝೆರಾಕ್ಸ್ ಎಂದು ಮಾಡಿಕೊಂಡಿತು. 1969ರಲ್ಲಿ ಪ್ರಧಾನ ಕಚೇರಿ ಕನೆಕ್ಟಿಕಟ್ ರಾಜ್ಯಕ್ಕೆ ಹೋಯಿತಾದರೂ ಸಮೀಪದ ವೆಬ್‌ಸ್ಟರ್‌ನಲ್ಲಿ ಕಾರ್ಖಾನೆ ಮತ್ತು ಸಂಶೋಧನೆ ಮುಂದುವರಿದವು.

ರಾಚೆಸ್ಟರ್ ಬಿಟ್ಟುಹೋದ ಕಂಪನಿ ಇದೊಂದೇ ಅಲ್ಲ. ತಂತಿ ಸಂದೇಶದ ವೆಸ್ಟರ್ನ್ ಯೂನಿಯನ್ ಇಲ್ಲಿ ಹುಟ್ಟಿ ನ್ಯೂಯಾರ್ಕ್ ಮಹಾನಗರಕ್ಕೆ ಹೋಯಿತು. ಪತ್ರಿಕಾ ಸಂಸ್ಥೆ ಗ್ಯಾನೆಟ್ 1980ರ ದಶಕದಲ್ಲಿ ವರ್ಜೀನಿಯಾ ಸೇರಿತು.

ಕೈಯಲ್ಲೇ ಇತ್ತು ಡಿಜಿಟಲ್ ಕ್ಯಾಮೆರಾ

1975ರಲ್ಲಿ ಕೊಡಾಕ್‌ನ ಎಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ತೂಕ ಸುಮಾರು 3.6 ಕೆಜಿ. ಒಂದು ಚಿತ್ರ ಕ್ಯಾಸೆಟ್‌ಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ಆದರೆ ಕೊಡಾಕ್‌ನ ಲಾಭವೆಲ್ಲ ಇದ್ದದ್ದು ಫಿಲ್ಮ್, ರಾಸಾಯನಿಕ ಮತ್ತು ಕಾಗದದ ಮಾರಾಟದಲ್ಲಿ. ಅದನ್ನು ತಾನೇ ಕೊಲ್ಲುವ ವಸ್ತುವಿನ ಮೇಲೆ ಪೂರ್ತಿ ಮನಸ್ಸಿಡಲು ಕಂಪನಿಗೆ ಆಗಲಿಲ್ಲ. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಸಲ್ಲಿಸಿತು. ಜೀವನವಿಡೀ ದುಡಿದ ನಿವೃತ್ತರು ಕಂಪನಿಯಿಂದ ಸಿಗುತ್ತಿದ್ದ ಆರೋಗ್ಯ ಸೌಲಭ್ಯ ಕಳೆದುಕೊಂಡರು. 2013ರಲ್ಲಿ ದಿವಾಳಿ ಪ್ರಕ್ರಿಯೆಯಿಂದ ಹೊರಬಂದ ಕೊಡಾಕ್ ಈಗ ಬಹಳ ಚಿಕ್ಕದು. ಆದರೂ ಸಿನಿಮಾ ಫಿಲ್ಮ್ ಇವತ್ತಿಗೂ ರಾಚೆಸ್ಟರ್‌ನಲ್ಲೇ ತಯಾರಾಗುತ್ತಿದೆ.

ಈಗ ಅನ್ನ ಕೊಡುವವರು ಯಾರು?

* ರಾಚೆಸ್ಟರ್ ವಿಶ್ವವಿದ್ಯಾಲಯ: ಆಸ್ಪತ್ರೆಗಳೂ ಸೇರಿ ಈ ಭಾಗದ ಅತಿ ದೊಡ್ಡ ಉದ್ಯೋಗದಾತ. ಇದನ್ನು ಬೆಳೆಸಿದ್ದರಲ್ಲಿ ಈಸ್ಟ್‌ಮನ್ ಅವರ ದಾನದ ಪಾಲು ದೊಡ್ಡದು.
* ವೆಗ್‌ಮನ್ಸ್: 1916ರಲ್ಲಿ ಶುರುವಾದ ದಿನಸಿ ಮಳಿಗೆಗಳ ಸರಪಳಿ. ಈಗಲೂ ಕುಟುಂಬದ ಒಡೆತನದಲ್ಲಿದೆ.
* ಪೇಚೆಕ್ಸ್: 1971ರಲ್ಲಿ ಟಾಮ್ ಗೊಲಿಸಾನೊ 3,000 ಡಾಲರ್ ಬಂಡವಾಳದಲ್ಲಿ ಆರಂಭಿಸಿದ್ದು. ಸಣ್ಣ ಉದ್ದಿಮೆಗಳ ಸಂಬಳದ ಲೆಕ್ಕ ನೋಡಿಕೊಳ್ಳುತ್ತದೆ.
* ಎಲ್3ಹ್ಯಾರಿಸ್: ಸೇನೆಗೆ ರೇಡಿಯೊ ತಯಾರಿಸುತ್ತದೆ. ಕೊಡಾಕ್‌ನ ಹಳೆಯ ಬಾಹ್ಯಾಕಾಶ ವಿಭಾಗ ಕೈ ಬದಲಾಗುತ್ತಾ ಈಗ ಈ ಕಂಪನಿಯಲ್ಲಿದೆ. ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿಗಳ ಜೋಡಣೆಯಲ್ಲಿ ಈ ವಿಭಾಗ ಕೆಲಸ ಮಾಡಿದೆ.

ಕೊಡಾಕ್ ಮತ್ತು ಬಾಷ್ ಅಂಡ್ ಲಾಂಬ್ ನೆರವಿನಿಂದ 1929ರಲ್ಲಿ ವಿಶ್ವವಿದ್ಯಾಲಯದಲ್ಲಿ ದೃಗ್ವಿಜ್ಞಾನ ಸಂಸ್ಥೆ ಹುಟ್ಟಿತು. ಬೆಳಕಿನ ವಿದ್ಯೆ ಹೀಗೆ ಊರಲ್ಲಿ ಬೇರೂರಿತು. 1980ರ ದಶಕದಲ್ಲಿ ಇದೇ ವಿಶ್ವವಿದ್ಯಾಲಯದಲ್ಲಿ ಲೇಸರ್ ಕುರಿತು ಮಾಡಿದ ಸಂಶೋಧನೆಗೆ ಜೆರಾರ್ ಮೂರು ಮತ್ತು ಡೊನಾ ಸ್ಟ್ರಿಕ್‌ಲ್ಯಾಂಡ್ 2018ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಕೊಡಾಕ್‌ನ ಹಳೆಯ ಕಾರ್ಖಾನೆ ಪ್ರದೇಶದಲ್ಲಿ ಈಗ ಬೇರೆ ಬೇರೆ ಕಂಪನಿಗಳು ಕೆಲಸ ಮಾಡುತ್ತಿವೆ.

ಹಾಗೆಂದು ಎಲ್ಲವೂ ಸುಖಾಂತ್ಯವಲ್ಲ. ಮಕ್ಕಳ ಬಡತನದಲ್ಲಿ ರಾಚೆಸ್ಟರ್ ಅಮೆರಿಕದ ನಗರಗಳ ಪೈಕಿ ಮೇಲಿನ ಸಾಲಿನಲ್ಲೇ ಇದೆ. ಶಾಲೆ ಮುಗಿಸಿದವರಿಗೆ ಕೊಡಾಕ್‌ನಲ್ಲಿ ಸಿಗುತ್ತಿದ್ದ ಒಳ್ಳೆಯ ಸಂಬಳದ ಕೆಲಸಗಳು ಹೋದವು. ಅವುಗಳ ಜಾಗಕ್ಕೆ ಬಂದ ಕೆಲಸಗಳಲ್ಲಿ ಒಳ್ಳೆಯವು ಹೆಚ್ಚಾಗಿ ಪದವಿ ಕೇಳುತ್ತವೆ. ಕಂಪನಿ ಹೋದರೂ ಅದು ಕಲಿಸಿದ ವಿದ್ಯೆ ಊರಲ್ಲಿ ಉಳಿಯಿತು, ನಿಜ. ಆದರೆ ಆ ವಿದ್ಯೆ ಎಷ್ಟು ಜನರ ಕೈಗೆ ಎಟುಕುತ್ತದೆ ಎಂಬುದರ ಮೇಲೆಯೇ ರಾಚೆಸ್ಟರ್‌ನ ಮುಂದಿನ ದಿನಗಳು ನಿಂತಿವೆ.