ಅರ್ಧ ಮನೆ ಸರ್ಕಾರದ್ದು, ಉಳಿದರ್ಧ ಸಾಲದ್ದು

2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಿಂದ ದಿನವೂ ಒಂದೇ ಬಗೆಯ ಸುದ್ದಿ ಬರುತ್ತಿತ್ತು. ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರು, ವಸೂಲಿಗೆಂದು ಜಗುಲಿಯಲ್ಲೇ ಕೂತ ಏಜೆಂಟರು, ಅವಮಾನ ತಾಳದೆ ಜೀವ ಕಳೆದುಕೊಂಡವರು. ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲೂ ಅದೇ ಕಥೆ. ದೂರದ ಬೆಳಗಾವಿ ಜಿಲ್ಲೆಯಲ್ಲಿ ಬಾಣಂತಿ ಮತ್ತು ಹಸುಗೂಸಿನ ಸಮೇತ ಮನೆಯವರನ್ನು ಹೊರಗೆ ಕಳಿಸಿ ಬಾಗಿಲಿಗೆ ಬೀಗಮುದ್ರೆ ಹಾಕಿದ್ದನ್ನು ಇಡೀ ರಾಜ್ಯ ನೋಡಿತು. ತಿಂಗಳೊಪ್ಪತ್ತಿನಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಅಲ್ಲಿಗೆ ಚರ್ಚೆಯೂ ತಣ್ಣಗಾಯಿತು.

ಆ ಗದ್ದಲದಲ್ಲಿ ಎರಡು ಬೇರೆಬೇರೆ ಸಾಲಗಳು ಒಂದೇ ರಾಶಿಗೆ ಬಿದ್ದವು. ಹೆಂಗಸರ ಗುಂಪಿಗೆ ಕೊಡುವ ವಾರದ ಕಂತಿನ ಸಾಲಕ್ಕೆ ಅಡಮಾನವಿಲ್ಲ, ಗುಂಪಿನ ಜಾಮೀನೇ ಆಧಾರ. ಅಂಥ ಸಾಲ ಕೊಟ್ಟವರಿಗೆ ಮನೆ ಮುಟ್ಟುವ ಹಕ್ಕೇ ಇಲ್ಲ. ಮನೆಪತ್ರ ಇಟ್ಟುಕೊಂಡು ಕೊಟ್ಟ ಗೃಹಸಾಲದಲ್ಲಾದರೆ ಬೀಗ ಹಾಕಲು ಕಾನೂನೇ ದಾರಿ ಮಾಡಿಕೊಟ್ಟಿದೆ. ನಂಜನಗೂಡಿನ ಚಿಕ್ಕಯ್ಯನಛತ್ರ ಹೋಬಳಿಯಂಥ ಕಡೆ ಒಂದೇ ಮನೆಯ ಮೇಲೆ ಈ ಎರಡೂ ಸಾಲ ಕೂತಿರುತ್ತವೆ. ಒಂದನ್ನು ತೀರಿಸಲು ಇನ್ನೊಂದನ್ನು ಎತ್ತಿರುತ್ತಾರೆ. ಇದರಲ್ಲಿ ಸರ್ಕಾರದ ಪಾಲೆಷ್ಟು ಎಂದು ಕೇಳಬೇಕಾದರೆ ಸುಗ್ರೀವಾಜ್ಞೆಗಿಂತ ಬಹಳ ಹಿಂದಕ್ಕೆ ಹೋಗಬೇಕು.

ಜಗತ್ತಿನ ಬೇರೆಡೆ ಈ ಪ್ರಶ್ನೆಯನ್ನು ಎರಡು ರೀತಿಯಲ್ಲಿ ಕೇಳಿದ್ದಾರೆ. ಅಮೆರಿಕದ ಗೃಹಸಾಲ ವ್ಯವಸ್ಥೆ ಕುಸಿದಾಗ, 2008ರ ಸೆಪ್ಟೆಂಬರಿನಲ್ಲಿ, ಅಲ್ಲಿನ ಸರ್ಕಾರ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಎಂಬ ಗೃಹಸಾಲ ಸಂಸ್ಥೆಗಳನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. 2011ರಲ್ಲಿ ವರದಿ ಕೊಟ್ಟ ತನಿಖಾ ಆಯೋಗದ ಬಹುಮತದವರು, ಈ ಅನಾಹುತವನ್ನು ತಪ್ಪಿಸಬಹುದಿತ್ತು, ಕಾವಲು ಕಾಯಬೇಕಾದವರು ಕಾಯಲಿಲ್ಲ ಎಂದರು. ಆಯೋಗದಲ್ಲೇ ಇದ್ದ ಪೀಟರ್ ವಾಲಿಸನ್ ಭಿನ್ನಮತ ಬರೆದು, ಎಲ್ಲರೂ ಮನೆ ಕೊಳ್ಳಲಿ ಎಂದು ಸರ್ಕಾರವೇ ಸಾಲವನ್ನು ತಳ್ಳಿದ್ದು ಮೂಲ ಕಾರಣ ಎಂದರು. ಸರ್ಕಾರ ಅತಿಯಾಗಿ ಕೈಹಾಕಿತು ಅಂತ ಒಂದು ವಾದ, ಕೈಕಟ್ಟಿ ಕೂತಿತು ಅಂತ ಇನ್ನೊಂದು. ನಮ್ಮ ಕಪಿಲೆಯ ದಂಡೆಯ ಊರುಗಳಿಗೆ ಈ ಎರಡೂ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಸರ್ಕಾರ ಕೈಹಾಕಿದ್ದು ನಿಜ, ಅರ್ಧಕ್ಕೆ ಬಿಟ್ಟಿದ್ದೂ ನಿಜ.

ಮೈಸೂರು ಸಂಸ್ಥಾನದಲ್ಲಿ ವಸತಿಯನ್ನು ಪ್ರಭುತ್ವದ ಹೊಣೆ ಎಂದು ಮೊದಲು ಒಪ್ಪಿಸಿದ್ದು ಪ್ಲೇಗು. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. 1903ರಲ್ಲಿ ಮೈಸೂರು ನಗರಕ್ಕೆ ಸುಧಾರಣಾ ಮಂಡಳಿಯೇ ಬಂತು. ಸಾಲದ ಕಡೆಗೂ ಸಂಸ್ಥಾನ ನೋಡಿತು. 1905ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. 1909ರಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟುವುದಕ್ಕೆಂದೇ ಒಂದು ಸಹಕಾರ ಸಂಘ ಹುಟ್ಟಿತು. 1928ರಲ್ಲಿ ರೈತರ ಋಣಭಾರ ತಗ್ಗಿಸುವ ಕಾಯ್ದೆ, ಮರುವರ್ಷ ಭೂ ಅಡಮಾನ ಬ್ಯಾಂಕು. ಸಾಹುಕಾರನ ಬಳಿ ಹೋಗಬೇಡಿ, ಅಡಮಾನ ಇಡುವುದಾದರೆ ನಮ್ಮಲ್ಲೇ ಇಡಿ ಎಂಬುದು ಆಗಿನ ಧೋರಣೆ. ದೊಡ್ಡ ಹಿಡುವಳಿದಾರರಿಗೇ ಹೆಚ್ಚು ಅನುಕೂಲವಾಯಿತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಸಾಲ ಕೊಡುವುದು, ಕೊಟ್ಟವರನ್ನು ಕಾಯುವುದು, ತೆಗೆದುಕೊಂಡವರನ್ನು ಕಾಪಾಡುವುದು, ಮೂರೂ ಒಂದೇ ಕೈಯಲ್ಲಿದ್ದವು.

ಆ ಕಾಲದ ಇನ್ನೊಂದು ರಕ್ಷಣೆ ಇವತ್ತಿಗೂ ಜಾರಿಯಲ್ಲಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ, ರೈತನೋ ಕೂಲಿಕಾರನೋ ಮನೆಗೆಲಸದವರೋ ತಾವು ವಾಸವಿರುವ ಸ್ವಂತ ಮನೆಯನ್ನು ಬರೀ ಹಣದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಅಂದರೆ ಗುಂಪು ಸಾಲದ ಬಾಕಿಗಾಗಿ ಕೋರ್ಟಿಗೆ ಹೋಗಿ ಗೆದ್ದವರೂ ಕೂಲಿಯವನ ಮನೆಗೆ ಬೀಗ ಹಾಕಿಸಲಾರರು. ಆದರೆ ಆ ಮನೆಯ ಪತ್ರವನ್ನು ಅವನೇ ಒತ್ತೆ ಇಟ್ಟುಬಿಟ್ಟರೆ ಈ ರಕ್ಷಣೆ ಕೈಬಿಟ್ಟು ಹೋಗುತ್ತದೆ. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಮಾತಿನ ಮೇಲೆ.

ಸ್ವಾತಂತ್ರ್ಯದ ನಂತರದ ಎರಡು ದಶಕ ಹಳ್ಳಿಯ ಮನೆಗೆ ಹೆಚ್ಚೇನೂ ಸಿಗಲಿಲ್ಲ. ಗೃಹ ಮಂಡಳಿ ಕಣ್ಣಿಟ್ಟದ್ದು ನಗರದ ಮೇಲೆ. ತಿರುವು ಬಂದದ್ದು ಇದೇ ಮೈಸೂರು ಜಿಲ್ಲೆಯ ಹುಣಸೂರಿನಿಂದ ಬಂದು ಮುಖ್ಯಮಂತ್ರಿಯಾದ ದೇವರಾಜ ಅರಸು ಅವರಿಂದ. ನಿವೇಶನ ಹಂಚಲೆಂದೇ ಜಮೀನು ಸ್ವಾಧೀನ ಮಾಡುವ 1972ರ ಕಾಯ್ದೆ, 1974ರ ಭೂಸುಧಾರಣಾ ತಿದ್ದುಪಡಿ, ಜನತಾ ಮನೆಗಳು, 1976ರ ಋಣ ಪರಿಹಾರ ಕಾಯ್ದೆ, ಇವೆಲ್ಲ ಒಂದರ ಹಿಂದೆ ಒಂದು ಬಂದವು. ಜಾಗವೂ ಸಿಕ್ಕಿತು, ಹಳೆಯ ಸಾಲವೂ ಕಳಚಿತು. ವಸತಿಯನ್ನೂ ಸಾಲವನ್ನೂ ಒಟ್ಟಿಗೆ ಹಿಡಿದು ನೋಡಿದ ಸರ್ಕಾರ ಕರ್ನಾಟಕದಲ್ಲಿ ಅದೇ ಕೊನೆಯದು ಎಂದು ನನಗನಿಸುತ್ತದೆ. ಆಮೇಲೆ ಎರಡೂ ಬೇರೆಬೇರೆ ಕಚೇರಿಗಳ ಪಾಲಾದವು.

1985ರಲ್ಲಿ ಕೇಂದ್ರದ ಇಂದಿರಾ ಆವಾಸ್, 1991–92ರಲ್ಲಿ ರಾಜ್ಯದ ಆಶ್ರಯ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಆನಂತರ ಬಸವ ವಸತಿ, 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ. ಈ ಯೋಜನೆಗಳು ಲಕ್ಷಾಂತರ ಗುಡಿಸಲುಗಳನ್ನು ತಾರಸಿ ಮನೆ ಮಾಡಿವೆ. ಅದನ್ನು ಸಣ್ಣದು ಮಾಡಿ ಹೇಳಬಾರದು. ಆದರೆ ಲೆಕ್ಕ ನೋಡಿ. 2016ರಲ್ಲಿ ಬಯಲು ಪ್ರದೇಶದ ಒಂದು ಮನೆಗೆ ಗೊತ್ತುಮಾಡಿದ ಸಹಾಯಧನ 1.20 ಲಕ್ಷ ರೂಪಾಯಿ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಾಗಲೂ ಮೊತ್ತ ಅದೇ 1.20 ಲಕ್ಷ. ಈ ಎಂಟು ವರ್ಷಗಳಲ್ಲಿ ಸಿಮೆಂಟು, ಕಬ್ಬಿಣ, ಮರಳು, ಗಾರೆ ಕೆಲಸದವರ ಕೂಲಿ ಎಲ್ಲಿಂದ ಎಲ್ಲಿಗೆ ಹೋದವು ಎಂಬುದನ್ನು ಮನೆ ಕಟ್ಟಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಉದ್ಯೋಗ ಖಾತ್ರಿಯ ಕೂಲಿ, ಶೌಚಾಲಯದ 12,000 ಸೇರಿಸಿದರೂ 25 ಚದರ ಮೀಟರಿನ ಮನೆ ಛಾವಣಿ ಮುಟ್ಟುವುದಿಲ್ಲ.

ಯೋಜನೆ ಬರೆದವರಿಗೂ ಇದು ಗೊತ್ತಿತ್ತು. ಬೇಕಿದ್ದವರು 70,000 ರೂಪಾಯಿವರೆಗೆ ಬ್ಯಾಂಕ್ ಸಾಲ ಪಡೆಯಬಹುದು ಎಂದು ಮಾರ್ಗಸೂಚಿಯಲ್ಲೇ ಇದೆ. ಆದರೆ ಖಾಯಂ ಸಂಬಳದ ಚೀಟಿ ಇಲ್ಲದವರಿಗೆ ಆ ಸಾಲ ಯಾವ ಬ್ಯಾಂಕಿನ ಬಾಗಿಲಲ್ಲಿ ಸುಲಭವಾಗಿ ಸಿಕ್ಕಿದೆ? ರಾಜ್ಯದ ವಸತಿ ಯೋಜನೆಗಳಲ್ಲಿ ಹಣ ಬರುವ ರೀತಿಯೂ ಸಾಲದ ಕಡೆಗೇ ತಳ್ಳುತ್ತದೆ. ತಳಪಾಯ ಹಾಕಿ ಜಿಪಿಎಸ್ ಫೋಟೊ ತೆಗೆಸಬೇಕು, ಆಮೇಲೆ ಬಿಲ್. ಲಿಂಟಲ್‌ಗೆ ಮತ್ತೆ ಫೋಟೊ, ಮತ್ತೆ ಬಿಲ್. ಮೊದಲು ಕೈಯಿಂದ ಹಾಕಬೇಕು, ಆಮೇಲೆ ಸರ್ಕಾರದ ಹಣ. ಕೈಯಲ್ಲಿ ಇಲ್ಲದವರು ತಂದೇ ಹಾಕಬೇಕು. ಬಿಲ್ ತಡವಾದ ಪ್ರತಿ ತಿಂಗಳೂ ಆ ತಂದ ಹಣಕ್ಕೆ ಬಡ್ಡಿ ಓಡುತ್ತದೆ. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿದ ರಾಜ್ಯ ಸರ್ಕಾರ, ಒಂದು ಮನೆಗೆ ನಿಜವಾಗಿ ಎಷ್ಟು ಬೇಕೆಂಬುದನ್ನು ತಾನೇ ಒಪ್ಪಿಕೊಂಡಂತಾಯಿತು.

ಇದೇ ಹೊತ್ತಿನಲ್ಲಿ ಪಟ್ಟಣದವರಿಗೆ ಏನಿತ್ತು ಎಂಬುದನ್ನೂ ಪಕ್ಕಕ್ಕಿಟ್ಟು ನೋಡಬೇಕು. 2017ರಿಂದ 2021ರವರೆಗೆ ವರ್ಷಕ್ಕೆ 18 ಲಕ್ಷ ಆದಾಯವಿದ್ದ ಕುಟುಂಬವೂ ಗೃಹಸಾಲದ ಮೇಲೆ ಸುಮಾರು 2.30 ಲಕ್ಷದವರೆಗೆ ಬಡ್ಡಿ ಸಹಾಯಧನ ಪಡೆಯಬಹುದಿತ್ತು. ಹಳ್ಳಿಯ ಕೂಲಿಕಾರನ ಇಡೀ ಮನೆಗೆ 1.20 ಲಕ್ಷ. ಇದು ಅನ್ಯಾಯ. ಬೇರೆ ಮಾತು ನನಗೆ ಹೊಳೆಯುವುದಿಲ್ಲ.

ಸರ್ಕಾರ ಬಿಟ್ಟ ಜಾಗಕ್ಕೆ ಬಂದವರು ಯಾರು? 1970ರಲ್ಲಿ ಹುಡ್ಕೊ, 1977ರಲ್ಲಿ ಎಚ್‌ಡಿಎಫ್‌ಸಿ, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಶುರುವಾದಾಗ ಗೃಹಸಾಲ ನೌಕರದಾರರ ವಿಷಯವಾಗಿತ್ತು. ಉದಾರೀಕರಣದ ನಂತರ ಗೃಹಸಾಲದ ಕಂಪನಿಗಳು ಬೆಳೆದು, ಸಣ್ಣ ಸಾಲದ ಕಂಪನಿಗಳು ತಾಲ್ಲೂಕು ಪಟ್ಟಣಗಳಿಗೂ ಇಳಿದವು. ಆದರೆ ಗ್ರಾಮಠಾಣಾ ಮನೆಗೆ ಒತ್ತೆ ಇಡುವಂಥ ಪತ್ರವೇ ಇರಲಿಲ್ಲ. ಅದನ್ನೂ ಸರ್ಕಾರವೇ ಒದಗಿಸಿತು. ಪಂಚಾಯಿತಿ ಆಸ್ತಿಗಳ ಇ-ಸ್ವತ್ತು ವ್ಯವಸ್ಥೆ ಬಂದು 9 ಮತ್ತು 11ನೇ ನಮೂನೆಯ ದಾಖಲೆಗಳು ಕಂಪ್ಯೂಟರಿನಿಂದ ಸಿಗತೊಡಗಿದವು. 2020ರಲ್ಲಿ ಡ್ರೋನ್ ಹಾರಿಸಿ ಹಕ್ಕುಪತ್ರ ಕೊಡುವ ಸ್ವಾಮಿತ್ವ ಯೋಜನೆ ಬಂತು. ಹಳ್ಳಿಯವರು ತಮ್ಮ ಮನೆಯನ್ನು ಸಾಲಕ್ಕೆ ಆಸ್ತಿಯಾಗಿ ಬಳಸಲಿ ಎಂಬುದು ಅದರ ಘೋಷಿತ ಉದ್ದೇಶಗಳಲ್ಲೇ ಒಂದು. ಹಕ್ಕುಪತ್ರ ಒಳ್ಳೆಯದೇ, ಅದಕ್ಕಾಗಿ ಬಡವರು ತಲೆಮಾರುಗಟ್ಟಲೆ ಅಲೆದಿದ್ದಾರೆ. ಆದರೆ ಪತ್ರವನ್ನು ಕೈಗಿತ್ತ ಸರ್ಕಾರ, ಕಡಿಮೆ ಬಡ್ಡಿಯ ಸಾಲವನ್ನು ಅದರ ಜೊತೆಗೆ ಕೊಡಲಿಲ್ಲ. ಪತ್ರ ನೇರ ಹೋದದ್ದು ಖಾಸಗಿ ಕಂಪನಿಯ ಕಪಾಟಿಗೆ.

ಆ ಹೊತ್ತಿಗೆ ಕಾನೂನೂ ಸಾಲಗಾರನ ಕಡೆಯಿಂದ ಎದ್ದುಹೋಗಿತ್ತು. 2002ರ ಸರ್ಫೇಸಿ ಕಾಯ್ದೆಯಂತೆ ಕಂತು 90 ದಿನ ತಪ್ಪಿ ಸಾಲ ವಸೂಲಾಗದ್ದೆಂದು ದಾಖಲಾದರೆ, 60 ದಿನದ ನೋಟಿಸು ಕೊಟ್ಟು ಒತ್ತೆಯ ಮನೆಯನ್ನು ಕೋರ್ಟಿನ ತೀರ್ಪಿಲ್ಲದೆ ವಶಕ್ಕೆ ತೆಗೆದುಕೊಳ್ಳಬಹುದು. ದೊಡ್ಡ ಉದ್ಯಮಿಗಳ ಬಾಕಿ ವಸೂಲಿಗೆಂದು ತಂದ ಕಾನೂನು ಇದು. ಬೇಸಾಯದ ಜಮೀನಿಗೆ ಇದರಲ್ಲಿ ವಿನಾಯಿತಿ ಇದೆ, ಬೇಸಾಯಗಾರನ ಮನೆಗಿಲ್ಲ. 60ನೇ ಕಲಮಿನ ಹಳೆಯ ರಕ್ಷಣೆಯನ್ನು ಉಳಿಸಿಕೊಂಡೂ, ಒತ್ತೆ ಇಟ್ಟ ಆಸ್ತಿಗೆ ಅದು ಅನ್ವಯಿಸದು ಎಂದು ಬರೆದಿದ್ದಾರೆ. 14ನೇ ಕಲಮಿನಡಿ ಮನೆಯನ್ನು ಬಿಡಿಸಿಕೊಡುವ ಆದೇಶ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ, ಅಂದರೆ ಜಿಲ್ಲಾಧಿಕಾರಿಯಿಂದಲೂ ಬರಬಹುದು. ಸಾಲಗಾರನ ತಕರಾರು ಕೇಳಿ ತೀರ್ಮಾನಿಸುವ ಅಧಿಕಾರ ಅಲ್ಲಿ ಅವರಿಗಿಲ್ಲ. ತಕರಾರಿದ್ದರೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು, ಅದಿರುವುದು ಬೆಂಗಳೂರಿನಲ್ಲಿ. ನಂಜನಗೂಡು ತಾಲ್ಲೂಕಿನ ಇಮ್ಮಾವು, ಅಡಕನಹಳ್ಳಿಯಂಥ ಊರುಗಳಲ್ಲಿ ಕೈಗಾರಿಕಾ ಪ್ರದೇಶಕ್ಕೆ ಜಮೀನು ಹೋದ ಮೇಲೆ ಗುತ್ತಿಗೆ ಕೂಲಿಗೆ ದುಡಿಯುವ ಮನುಷ್ಯ, ಒಂದು ದಿನದ ಸಂಬಳ ಕಳೆದುಕೊಂಡು, ವಕೀಲರ ಫೀಸು ಹೊಂದಿಸಿ, ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ ಹೋಗಿ ತನ್ನ ಮನೆ ಉಳಿಸಿಕೊಳ್ಳಬೇಕೆಂದು ಕಾನೂನು ನಿರೀಕ್ಷಿಸುತ್ತದೆ.

ಇನ್ನು ಗುಂಪು ಸಾಲದ ಕಡೆ. ಎಚ್ಚರಿಕೆಯ ಗಂಟೆ ಬಹಳ ಹಿಂದೆಯೇ ಹೊಡೆದಿತ್ತು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರಿನ ಕೆಲಸಗಾರರ ಬೀದಿಗಳಲ್ಲಿ ಸಾಲ ಮರುಪಾವತಿ ನಿಂತುಹೋಯಿತು. ಕಂಪನಿಗಳು ಒಂದರ ಮೇಲೊಂದು ಸಾಲ ಕೊಟ್ಟು, ಕುಟುಂಬಗಳು ತಾಳಲಾರದ ಹಂತ ಮುಟ್ಟಿದ್ದವು. ಮರುವರ್ಷ ಆಂಧ್ರಪ್ರದೇಶದಲ್ಲಿ ಆತ್ಮಹತ್ಯೆಗಳು, ಸುಗ್ರೀವಾಜ್ಞೆ. 2011ರಲ್ಲಿ ಈ ಸಾಲಗಳ ಕುರಿತ ಮಾಲೇಗಾಂ ಸಮಿತಿಯ ವರದಿ, ಬಡ್ಡಿಗೆ ಮಿತಿ. 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಆ ಬಡ್ಡಿಮಿತಿಯನ್ನು ತೆಗೆದುಹಾಕಿ, ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂಬ ನಿಯಮ ಇಟ್ಟಿತು. ಆದಾಯ ಎಷ್ಟೆಂದು ಬರೆದುಕೊಳ್ಳುವವನು ಸಾಲ ಕೊಡುವವನೇ. ಎರಡೂವರೆ ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ, ವಿಪರೀತ ಬಡ್ಡಿಯ ಕಾರಣಕ್ಕೆ 4 ಹಣಕಾಸು ಕಂಪನಿಗಳು ಹೊಸ ಸಾಲ ಕೊಡದಂತೆ ಅದೇ ರಿಸರ್ವ್ ಬ್ಯಾಂಕ್ ತಡೆಯಬೇಕಾಯಿತು.

ಜನವರಿಯ ಸಾವುಗಳ ನಂತರ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿ, 2025ರ ಫೆಬ್ರವರಿ 12ರಂದು ಅಂಕಿತ ಹಾಕಿದರು. ಮಾರ್ಚಿನಲ್ಲಿ ವಿಧಾನಮಂಡಲವೂ ಒಪ್ಪಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿಯಿಲ್ಲದವರು ಬಡವರಿಗೆ ಕೊಟ್ಟ ಸಾಲ ಮನ್ನಾ. ರಾತ್ರಿ ಹೊತ್ತು ಬಾಗಿಲು ಬಡಿಯುವವರಿಗೆ ಇದರಿಂದ ಭಯ ಹುಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕು, ಹಣಕಾಸು ಕಂಪನಿಗಳು ಈ ಕಾನೂನಿನ ಹೊರಗಿವೆ. ಅವು ಕೇಂದ್ರದ ಹಿಡಿತದಲ್ಲಿವೆ ಎಂಬುದು ಕಾರಣ. ಗೃಹಸಾಲದ ಕಂಪನಿಗಳ ಉಸ್ತುವಾರಿಯೂ 2019ರಲ್ಲಿ ವಸತಿ ಬ್ಯಾಂಕಿನಿಂದ ರಿಸರ್ವ್ ಬ್ಯಾಂಕಿಗೆ ಹೋಗಿದೆ. ಹೀಗೆ ಕಂತಿನ ವಿಷಯಕ್ಕೆ ಬೆಂಗಳೂರು ದೆಹಲಿಯನ್ನು ತೋರಿಸುತ್ತದೆ, ಪೊಲೀಸರ ವಿಷಯಕ್ಕೆ ದೆಹಲಿ ಬೆಂಗಳೂರನ್ನು.

ಇದರಲ್ಲಿ ಏನೂ ಮಾಡಲು ಸಾಧ್ಯವಿಲ್ಲ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ 6 ತಿಂಗಳ ಕಂತು ಮುಂದೂಡಲಾಯಿತು. 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಬಡ್ಡಿಯ ಮೇಲಿನ ಬಡ್ಡಿಯನ್ನು ಕೇಂದ್ರವೇ ತುಂಬಿಕೊಟ್ಟಿತು. ಮನಸ್ಸಿದ್ದಾಗ ದಾರಿ ಸಿಕ್ಕಿತ್ತು.

ವರುಣ ವಿಧಾನಸಭಾ ಕ್ಷೇತ್ರದಲ್ಲಿ ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳ ಊರುಗಳಿವೆ. ಆ ಸುಗ್ರೀವಾಜ್ಞೆ ಬಂದಾಗ ಆ ಕ್ಷೇತ್ರದ ಶಾಸಕರೇ ಮುಖ್ಯಮಂತ್ರಿ. ಈ ಭಾಗದ ಜನ ತಮ್ಮ ಪ್ರತಿನಿಧಿಗಳ ಮುಂದೆ ಇಡಬೇಕಾದ ಬೇಡಿಕೆಗಳು ದೊಡ್ಡವೇನಲ್ಲ. ಮನೆಯ ಸಹಾಯಧನವನ್ನು ಇಂದಿನ ಬೆಲೆಗೆ ಏರಿಸಲಿ, ತಳಪಾಯದ ಹಣ ತಳಪಾಯಕ್ಕೆ ಮೊದಲೇ ಬರಲಿ. ಉಳಿದ ಮೊತ್ತಕ್ಕೆ ಸಹಕಾರ ಬ್ಯಾಂಕಿನ ಮೂಲಕ ಸರ್ಕಾರಿ ಖಾತರಿಯ ಸಾಲ ಸಿಗಲಿ. ಸಾಲ ವಸೂಲಿ ನ್ಯಾಯಮಂಡಳಿಯ ಪೀಠ ಮೈಸೂರಿನಲ್ಲಿ ಕೂರಲಿ. ಸರ್ಕಾರದ ಸಹಾಯಧನದಿಂದ ಎದ್ದ, ಒಂದೇ ಕುಟುಂಬ ವಾಸವಿರುವ ಮನೆಯನ್ನು ಬೇಸಾಯದ ಜಮೀನಿನ ಹಾಗೆ ಸರ್ಫೇಸಿಯಿಂದ ಹೊರಗಿಡಲು ರಾಜ್ಯ ಕೇಂದ್ರವನ್ನು ಒತ್ತಾಯಿಸಲಿ. ಅಲ್ಲಿಯವರೆಗೆ, ಓದುಗರೇ, ನಿಮ್ಮೂರಿನಲ್ಲಿ ಯಾರಾದರೂ ಗುಂಪು ಸಾಲ ತೀರಿಸಲೆಂದು ಮನೆಪತ್ರ ಹಿಡಿದು ಹೊರಟಿದ್ದರೆ ತಡೆದು ಹೇಳಿ: ಗುಂಪು ಸಾಲದವರು ಮನೆ ಮುಟ್ಟಲಾರರು, ಪತ್ರ ಇಟ್ಟುಕೊಂಡವರು ಮುಟ್ಟಬಲ್ಲರು.