ಶಿರ್‌ಕೂಹ್‌ನ ಹಿಮ, ಯಜ್ದ್‌ನ ಹೊಲ

ಇರಾನಿನ ಯಜ್ದ್ ಪಟ್ಟಣದಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 60 ಮಿಲಿಮೀಟರ್ ಅಷ್ಟೇ. ಹಾಗಾದ್ರೆ ಅಲ್ಲಿ ಗೋಧಿ, ದಾಳಿಂಬೆ ಬೆಳೆದದ್ದು ಹೇಗೆ ಅಂತ ನೀವು ಕೇಳಬಹುದು. ಪಟ್ಟಣದ ನೈಋತ್ಯಕ್ಕೆ ನೋಡಿ. ಅಲ್ಲಿ 4,000 ಮೀಟರ್ ಎತ್ತರದ ಶಿರ್‌ಕೂಹ್ ಬೆಟ್ಟವಿದೆ. ಚಳಿಗಾಲದಲ್ಲಿ ಅದರ ಮೇಲೆ ಬಿದ್ದ ಹಿಮ ನಿಧಾನವಾಗಿ ಕರಗಿ ಬೆಟ್ಟದ ಬುಡದ ಮಣ್ಣಿನೊಳಗೆ ಇಂಗುತ್ತದೆ.

ಆ ನೀರನ್ನು ಊರಿಗೆ ತಂದದ್ದು ಕನಾತ್, ಅಂದರೆ ಕಾರೇಜ್. ಬೆಟ್ಟದ ಕಡೆ ನೀರು ಸಿಗುವಷ್ಟು ಆಳದ ‘ತಾಯಿ ಬಾವಿ’. ಅಲ್ಲಿಂದ ಹೊಲದತನಕ ನೆಲದಡಿ ಸಣ್ಣ ಇಳಿಜಾರಿನ ಸುರಂಗ. ಎತ್ತೂ ಬೇಡ, ಏತವೂ ಬೇಡ, ಬಿಸಿಲಿಗೆ ಆವಿಯಾಗೋದೂ ಕಡಿಮೆ. 11ನೇ ಶತಮಾನದಲ್ಲಿ ಅಲ್-ಕರಜಿ ಅಡಗಿದ ನೀರನ್ನು ಹುಡುಕೋದು, ಇಳಿಜಾರು ಅಳೆಯೋದು ಹೇಗೆ ಅಂತ ಒಂದು ಪುಸ್ತಕವನ್ನೇ ಬರೆದ. ಬೀಜಗಣಿತದ ಪಂಡಿತ ಬಾವಿ ತೋಡುವವರ ಕೆಲಸ ಕಲಿತು ಬರೆದನಲ್ಲ, ಅದು ನನಗೆ ತುಂಬಾ ಇಷ್ಟ.

ನೀರು ಬಂದರೆ ಸಾಲದು, ಹಂಚಬೇಕಲ್ಲ? ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಿದ್ದರು; ಅದು ತುಂಬಿ ಮುಳುಗುವ ಹೊತ್ತೇ ಅಳತೆ. ಹಂಚಿಕೆ ನೋಡಿಕೊಳ್ಳುವವನು ಮೀರಾಬ್. ಉರ್ದು ಬಲ್ಲವರಿಗೆ ‘ಆಬ್’ ಹೊಸದಲ್ಲ.

ಬಹಮನಿಗಳ ಕಾಲದಲ್ಲಿ ಇದೇ ತಂತ್ರ, ಇದೇ ಹೆಸರಿನೊಂದಿಗೆ ಬೀದರಿಗೂ ಬಂತು. ಅಲ್ಲಿ ಹಿಮವಿಲ್ಲ, ಕೆಂಪು ಮುರಕಲ್ಲಿನಲ್ಲಿ ಇಂಗಿದ ಮಳೆನೀರೇ ಆಧಾರ.

2016ರಲ್ಲಿ ಯುನೆಸ್ಕೊ ಇರಾನಿನ 11 ಕನಾತ್‌ಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಆದರೆ ಕಳೆದ ಶತಮಾನದಲ್ಲಿ ಬಂದ ಆಳದ ಕೊಳವೆಬಾವಿಗಳಿಂದ ಎಷ್ಟೋ ಕನಾತ್ ಒಣಗಿಹೋಗಿವೆ. ಕನಾತ್ ತಾನಾಗಿ ಹರಿದುಬಂದಷ್ಟೇ ಕೊಡುತ್ತದೆ, ಪಂಪು ಹಾಗಲ್ಲ. ನೀರಿನ ಮಟ್ಟ ತಾಯಿ ಬಾವಿಯ ತಳಕ್ಕಿಂತ ಕೆಳಗಿಳಿದರೆ, ಬೆಟ್ಟದಲ್ಲಿ ಹಿಮ ಬಿದ್ದ ವರ್ಷವೂ ಸುರಂಗದಲ್ಲಿ ಹನಿ ನೀರು ಬರೋದಿಲ್ಲ.