ಆರ್ಥಿಕ ಅಸಮಾನತೆಯ ಅಧ್ಯಯನ: ಪಿಎಚ್‌ಡಿ ನಂತರದ ಸಂಶೋಧನೆಗೆ ಎಲ್ಲೆಲ್ಲಿ ಅವಕಾಶ?

ಭಾರತದಲ್ಲಿ ಬಡವ-ಬಲ್ಲಿದರ ನಡುವಿನ ಅಂತರ ಹಿಗ್ಗುತ್ತಿದೆಯೇ, ಕುಗ್ಗುತ್ತಿದೆಯೇ? ವಿಶ್ವಬ್ಯಾಂಕ್ 2025ರಲ್ಲಿ ನೀಡಿದ ಅಂಕಿ-ಅಂಶದ ಪ್ರಕಾರ ದೇಶದ ಗಿನಿ ಸೂಚ್ಯಂಕ 2011-12ರ 28.8ರಿಂದ 2022-23ರಲ್ಲಿ 25.5ಕ್ಕೆ ಇಳಿದಿದೆ. ಅದೇ ಟಿಪ್ಪಣಿ ಉಲ್ಲೇಖಿಸಿರುವ ವಿಶ್ವ ಅಸಮಾನತೆ ದತ್ತಾಂಶ ಕೋಶದ ಲೆಕ್ಕ ಬೇರೆಯೇ ಇದೆ: 2004ರಲ್ಲಿ 52 ಇದ್ದ ಸೂಚ್ಯಂಕ 2023ರಲ್ಲಿ 62ಕ್ಕೆ ಏರಿದೆ. ಮೊದಲನೆಯದು ಕುಟುಂಬಗಳು ಮಾಡುವ ಖರ್ಚಿನ ಅಳತೆ, ಎರಡನೆಯದು ಗಳಿಸುವ ಆದಾಯದ ಅಳತೆ. ಸಿರಿವಂತರು ಗಳಿಸಿದ್ದನ್ನೆಲ್ಲ ಖರ್ಚು ಮಾಡುವುದಿಲ್ಲ. ಸಮೀಕ್ಷಕರ ಕೈಗೆ ಸಿಗುವುದೂ ಅಪರೂಪ. ಸಾಲದ್ದಕ್ಕೆ 2017-18ರ ಗ್ರಾಹಕ ವೆಚ್ಚ ಸಮೀಕ್ಷೆಯ ಫಲಿತಾಂಶವನ್ನು ಕೇಂದ್ರ ಸರ್ಕಾರ 2019ರಲ್ಲಿ ಕೈಬಿಟ್ಟಿದ್ದರಿಂದ ಒಂದು ದಶಕದ ಲೆಕ್ಕವೇ ಬರಿದಾಗಿದೆ.

ಇಂತಹ ಗೋಜಲನ್ನು ಬಿಡಿಸಬಲ್ಲ ಸಂಶೋಧಕರಿಗೆ ದೇಶ-ವಿದೇಶಗಳಲ್ಲಿ ಬೇಡಿಕೆಯಿದೆ. ಪಿಎಚ್‌ಡಿ ಮುಗಿಸಿದವರು ಈ ಕ್ಷೇತ್ರ ಪ್ರವೇಶಿಸಲು ಇರುವ ಮುಖ್ಯ ದಾರಿಯೇ ಪೋಸ್ಟ್ ಡಾಕ್ಟೊರಲ್ ಫೆಲೋಶಿಪ್. ಇದು ಮತ್ತೊಂದು ಪದವಿಯಲ್ಲ. ಒಂದರಿಂದ ಮೂರು ವರ್ಷಗಳವರೆಗೆ ಬೋಧನೆಯ ಹೊರೆ ಹೆಚ್ಚಿಲ್ಲದೆ ಸಂಶೋಧನೆ ನಡೆಸಲು ದೊರೆಯುವ ತಾತ್ಕಾಲಿಕ ಹುದ್ದೆ ಎನ್ನಬಹುದು.

ದೇಶದೊಳಗೆ ಮೊದಲು ಗಮನಿಸಬೇಕಾದುದು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್ ನೀಡುವ ಎರಡು ವರ್ಷಗಳ ಫೆಲೋಶಿಪ್. ಅಭ್ಯರ್ಥಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯೊಂದಕ್ಕೆ ಸೇರಿಕೊಂಡು ಪೂರ್ಣಾವಧಿ ಕೆಲಸ ಮಾಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಡಾ. ರಾಧಾಕೃಷ್ಣನ್ ಫೆಲೋಶಿಪ್ ಯೋಜನೆಯಲ್ಲಿ 900 ಸ್ಥಾನಗಳಿದ್ದು, ಶೇ 30ರಷ್ಟನ್ನು ಮಹಿಳೆಯರಿಗೆ ಮೀಸಲಿಡಲಾಗಿತ್ತು. ಘೋಷಿತ ಮಾಸಿಕ ವೇತನ 50,000 ರೂಪಾಯಿ. ಆದರೆ ಇದು ವಿಜ್ಞಾನ, ಭಾಷೆಗಳೂ ಸೇರಿದಂತೆ ಎಲ್ಲ ವಿಷಯಗಳಿಗೂ ಸೇರಿದ್ದರಿಂದ ಅರ್ಥಶಾಸ್ತ್ರಕ್ಕೆ ಸಿಗುವ ಪಾಲು ಕಿರಿದೇ.

ರಾಜ್ಯದ ಅಭ್ಯರ್ಥಿಗಳು ಆತಿಥೇಯ ಸಂಸ್ಥೆಗಾಗಿ ದೆಹಲಿಗೇ ಹೋಗಬೇಕಾಗಿಲ್ಲ. ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯವನ್ನು ಅಂದಾಜಿಸಿ ಹೆಸರಾದ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಬೆಂಗಳೂರಿನ ನಾಗರಬಾವಿಯಲ್ಲಿದೆ. ಧಾರವಾಡದಲ್ಲಿ ಸಿಎಂಡಿಆರ್ ಇದೆ. ಇವೆರಡೂ ಐಸಿಎಸ್‌ಎಸ್‌ಆರ್ ನೆರವಿನ ಸಂಸ್ಥೆಗಳು. ಬೆಂಗಳೂರಿನ ಫೌಂಡೇಶನ್ ಫಾರ್ ಅಗ್ರೇರಿಯನ್ ಸ್ಟಡೀಸ್ 2009ರಲ್ಲಿ ಮಂಡ್ಯ ಜಿಲ್ಲೆಯ ಆಲಬುಜನಹಳ್ಳಿ, ಕೋಲಾರದ ಸಿರೇಸಂದ್ರ, ಗುಲ್ಬರ್ಗದ ಝಾಪುರ ಗ್ರಾಮಗಳಲ್ಲಿ ಮನೆ ಮನೆಯ ಸಮೀಕ್ಷೆ ನಡೆಸಿತ್ತು. ಭೂಮಿ, ಸಾಲ, ಜಾತಿ, ಕೂಲಿ ಇವು ಒಂದೇ ಊರಿನೊಳಗೆ ಹೇಗೆ ಹೆಣೆದುಕೊಂಡಿವೆ ಎಂಬುದು ಇಂತಹ ಕೆಲಸದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಗಿನಿ ಸೂಚ್ಯಂಕದಲ್ಲಿ ಎಂದಿಗೂ ಕಾಣದು. ಕನ್ನಡ ಬಲ್ಲ ಸಂಶೋಧಕನಿಗೆ ಇಲ್ಲಿ ಇರುವ ಅನುಕೂಲ ಹೊರಗಿನವರಿಗಿಲ್ಲ.

2002ರ ನಂಜುಂಡಪ್ಪ ಸಮಿತಿ ವರದಿಯೂ ಹಳೆಯದೆಂದು ತಳ್ಳಿಹಾಕುವಂಥದ್ದಲ್ಲ. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಸಮಿತಿ ಗುರುತಿಸಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ ನಂತರ ಹರಿದುಬಂದ ವಿಶೇಷ ಅನುದಾನ ತಾಲ್ಲೂಕಿನೊಳಗಿನ ಯಾವ ವರ್ಗಕ್ಕೆ ತಲುಪಿತು ಎಂಬುದೇ ಒಂದು ಫೆಲೋಶಿಪ್ಪಿಗೆ ಸಾಕಾಗುವ ಪ್ರಶ್ನೆ.

ವಿದೇಶಗಳತ್ತ ನೋಡುವುದಾದರೆ ಪ್ಯಾರಿಸ್‌ನ ವಿಶ್ವ ಅಸಮಾನತೆ ಪ್ರಯೋಗಾಲಯದ ಹೆಸರು ಮೊದಲು ಬರುತ್ತದೆ. 2022-23ರಲ್ಲಿ ಭಾರತದ ಶೇ 1ರಷ್ಟು ಜನರ ಕೈಯಲ್ಲಿ ಶೇ 22.6ರಷ್ಟು ಆದಾಯ, ಶೇ 40.1ರಷ್ಟು ಸಂಪತ್ತು ಇದೆಯೆಂದು 2024ರಲ್ಲಿ ಅಂದಾಜಿಸಿದ ಪ್ರಬಂಧ ಇಲ್ಲಿಂದಲೇ ಹೊರಬಂದಿತು. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಸ್ಟೋನ್ ಸೆಂಟರ್, 2015ರಲ್ಲಿ ಆರಂಭವಾದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅಂತರರಾಷ್ಟ್ರೀಯ ಅಸಮಾನತೆಗಳ ಸಂಸ್ಥೆ, ಹೆಲ್ಸಿಂಕಿಯ ಯುಎನ್‌ಯು-ವೈಡರ್ ಇತರ ಪ್ರಮುಖ ಕೇಂದ್ರಗಳು. ಐರೋಪ್ಯ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್ ನಮ್ಮವರಿಗೆ ಹೆಚ್ಚು ಅನುಕೂಲಕರ ಎಂದು ತೋರುತ್ತದೆ. ಕಳೆದ ಮೂರು ವರ್ಷಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಆತಿಥೇಯ ದೇಶದಲ್ಲಿ ನೆಲೆಸಿದವರಿಗೆ ಅಲ್ಲಿ ಅವಕಾಶವಿಲ್ಲ. ಇಲ್ಲಿಯೇ ಓದಿದವರಿಗೆ ಈ ನಿಯಮ ತೊಡಕಾಗದು.

ತೊಡಕಾಗುವುದು ಕಾಲಮಿತಿ. ಮೇರಿ ಕ್ಯೂರಿ ಯೋಜನೆಗೆ ಪಿಎಚ್‌ಡಿ ನಂತರದ ಸಂಶೋಧನಾ ಅನುಭವ ಎಂಟು ವರ್ಷ ಮೀರಿರಬಾರದು. ಅಮೆರಿಕದ ಫುಲ್‌ಬ್ರೈಟ್-ನೆಹರು ಫೆಲೋಶಿಪ್ಪಿಗೆ ಪದವಿ ಪಡೆದು ನಾಲ್ಕು ವರ್ಷ ದಾಟಿರಬಾರದೆಂಬ ನಿಯಮವಿದೆ. ಐಸಿಎಸ್‌ಎಸ್‌ಆರ್‌ನಲ್ಲಿ ವಯೋಮಿತಿಯಿದೆ. ಸಹಾಯಕ ಪ್ರಾಧ್ಯಾಪಕರ ನೇಮಕಾತಿ ಅಧಿಸೂಚನೆಗೆ ಕಾಯುತ್ತ ಅತಿಥಿ ಉಪನ್ಯಾಸಕರಾಗಿ ವರ್ಷಗಳನ್ನು ಸವೆಸುವ ನಮ್ಮ ಡಾಕ್ಟರೇಟ್ ಪದವೀಧರರಲ್ಲಿ ಅನೇಕರಿಗೆ ಈ ಬಾಗಿಲುಗಳು ಅರಿವಿಗೆ ಬರುವ ಮೊದಲೇ ಮುಚ್ಚಿಹೋಗಿರುತ್ತವೆ. ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳು ಪ್ರಬಂಧ ಸಲ್ಲಿಕೆಯ ಹಂತದಲ್ಲೇ ಈ ಮಾಹಿತಿ ನೀಡಬೇಕಿತ್ತು.

ಅರ್ಜಿಗೆ ಸಾಮಾನ್ಯವಾಗಿ ಸಂಶೋಧನಾ ಪ್ರಸ್ತಾವ, ಪ್ರಕಟಿತ ಅಥವಾ ಪೂರ್ಣಗೊಂಡ ಒಂದು ಲೇಖನ, ಪ್ರಾಧ್ಯಾಪಕರ ಶಿಫಾರಸು ಪತ್ರಗಳು ಬೇಕು. ಮೇರಿ ಕ್ಯೂರಿಯಂತಹ ಯೋಜನೆಗಳಲ್ಲಿ ಆತಿಥೇಯ ಮಾರ್ಗದರ್ಶಕರ ಒಪ್ಪಿಗೆ ಮೊದಲೇ ಪಡೆಯಬೇಕಾದುದರಿಂದ ಕನಿಷ್ಠ ಆರು ತಿಂಗಳು ಮುಂಚೆ ಪತ್ರ ವ್ಯವಹಾರ ಆರಂಭಿಸುವುದು ಒಳಿತು. ಸ್ಟೇಟಾ ಅಥವಾ ಆರ್ ತಂತ್ರಾಂಶದ ಪರಿಣತಿ ಬಹುತೇಕ ಕಡೆ ಅನಿವಾರ್ಯ. ಅಭ್ಯಾಸಕ್ಕೆ ಬೇಕಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೂಲ ದತ್ತಾಂಶ ಕೇಂದ್ರ ಅಂಕಿಸಂಖ್ಯಾ ಸಚಿವಾಲಯದ ಜಾಲತಾಣದಲ್ಲಿ, ನೋಂದಾಯಿಸಿಕೊಂಡವರಿಗೆ ಉಚಿತವಾಗಿ ದೊರೆಯುತ್ತದೆ.